ಊರಲ್ಲಿ ಇಲ್ಲದಿದ್ದಾಗಲೂ ಬರುವ ಬಿಲ್: ಮಳೆನೀರಿನ ಶುಲ್ಕ ಹೇಗೆ ನಿಗದಿಯಾಗುತ್ತೆ?

ಈ ಸಲದ ಕಂತು ಶುರುವಾಗೋದು ಒಂದು ಇಮೇಲಿನಿಂದ. ಕೆನಡಾದ ಮಿಸಿಸಾಗಾದಲ್ಲಿರುವ ಕೇಳುಗರೊಬ್ಬರು ಬರೆದಿದ್ದಾರೆ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಮೂರು ತಿಂಗಳು ಧಾರವಾಡಕ್ಕೆ ಹೋಗಿದ್ದರಂತೆ. ಪೈಪು ಹೆಪ್ಪುಗಟ್ಟಿ ಒಡೆದೀತು ಅಂತ ಹೊರಡುವ ಮೊದಲೇ ಮೇನ್ ವಾಲ್ವ್ ಬಂದ್ ಮಾಡಿದ್ದರು. ವಾಪಸು ಬಂದು ನೋಡಿದರೆ ನೀರಿನ ಬಿಲ್ಲಿನಲ್ಲಿ ಬಳಕೆ ಸೊನ್ನೆಗೆ ಹತ್ತಿರ. ಆದರೆ ಅದೇ ಬಿಲ್ಲಿನಲ್ಲಿ ‘ಸ್ಟಾರ್ಮ್‌ವಾಟರ್’ ಅನ್ನುವ ಒಂದು ಸಾಲು ಇದೆಯಲ್ಲ, ಅದು ಮಾತ್ರ ಹಿಂದಿನ ಬಿಲ್ಲಿನಲ್ಲಿ ಎಷ್ಟಿತ್ತೋ ಅಷ್ಟೇ ಇದೆ. “ನಲ್ಲಿ ತಿರುವೇ ಇಲ್ಲ, ಇದ್ಯಾವ ನೀರಿನ ರೊಕ್ಕ? ಮಳಿಗೂ ಮೀಟರ್ ಹಾಕ್ಯಾರೇನ್ರೀ?” ಅಂತ ಕೇಳಿದ್ದಾರೆ.

ಚಿಕ್ಕ ಉತ್ತರ ಇಷ್ಟೇ: ನೀವು ಧಾರವಾಡಕ್ಕೆ ಹೋದ್ರಿ, ನಿಮ್ಮ ಮನೆಯ ಛಾವಣಿ ಹೋಗಲಿಲ್ಲ. ಆ ಸಾಲಿನಲ್ಲಿ ಇರೋದು ನೀವು ಬಳಸಿದ ನೀರಿನ ಲೆಕ್ಕ ಅಲ್ಲವೇ ಅಲ್ಲ. ನಿಮ್ಮ ಜಾಗದಲ್ಲಿ ಬಿದ್ದು, ಇಂಗದೆ, ಬೀದಿಗೆ ಹರಿದುಹೋಗುವ ನೀರಿನ ಅಂದಾಜು. ಆದರೆ ಈ ಅಂದಾಜು ಮಾಡೋದು ಹೇಗೆ, ಅದಕ್ಕೆ ದರ ಕಟ್ಟೋರು ಯಾರು, ಒಬ್ಬರಿಗೆ 50 ಡಾಲರ್ ಇನ್ನೊಬ್ಬರಿಗೆ 170 ಡಾಲರ್ ಯಾಕೆ — ಇದನ್ನು ಹುಡುಕುತ್ತಾ ಹೋದಾಗ ನಮಗೆ ಭೂಗೋಳ, ಗಣಿತ, ಕೋರ್ಟು, ಚರ್ಚು ಎಲ್ಲವೂ ಸಿಕ್ಕವು. ಹಾಗಾಗಿ ಉದ್ದದ ಉತ್ತರವನ್ನೂ ಕೇಳಿ.

ಮೊದಲು ಮಳೆಯ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಈ ಒಂದು ವಾಕ್ಯ ನೆನಪಿದ್ದರೆ ಸಾಕು, ಮಿಕ್ಕಿದ್ದೆಲ್ಲ ಗುಣಾಕಾರ. ಮಿಸಿಸಾಗಾ ನಗರ ತನ್ನ ಲೆಕ್ಕಕ್ಕೆ ಇಟ್ಟುಕೊಂಡಿರುವ ಅಳತೆ 267 ಚದರ ಮೀಟರ್. ಅಲ್ಲಿನ ಒಂದು ಸಾಮಾನ್ಯ ಮನೆಯ ಛಾವಣಿ, ಡ್ರೈವ್‌ವೇ, ಕಾಲುದಾರಿ ಎಲ್ಲ ಸೇರಿದ ಗಟ್ಟಿ ನೆಲದ ಸರಾಸರಿ ಅದು. ಅದರ ಮೇಲೆ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಇಂಚು ಮಳೆ ಬಿದ್ದರೆ 6,675 ಲೀಟರ್. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಮನೆ ಮುಂದೆ ಬಂದು ನಿಲ್ಲುವ ಆರು ಸಾವಿರ ಲೀಟರಿನ ಟ್ಯಾಂಕರ್ ನೆನಪು ಮಾಡಿಕೊಳ್ಳಿ. ಒಂದು ಮನೆ, ಒಂದು ಇಂಚು ಮಳೆ, ಒಂದು ಟ್ಯಾಂಕರಿಗಿಂತ ಹೆಚ್ಚು ನೀರು. ಆ ರಸ್ತೆಯಲ್ಲಿ ನಲವತ್ತು ಮನೆ ಇದ್ದರೆ ನಲವತ್ತಕ್ಕೂ ಹೆಚ್ಚು ಟ್ಯಾಂಕರ್ ನೀರು, ಅದೂ ಒಂದೇ ಗಂಟೆಯಲ್ಲಿ, ಒಂದೇ ಚರಂಡಿಗೆ.

ಅದೇ ಜಾಗ ಮೊದಲು ಹುಲ್ಲುಗಾವಲೋ ಕಾಡೋ ಆಗಿದ್ದಾಗ ಏನಾಗ್ತಿತ್ತು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ, ವರ್ಷಗಳಿಂದ ತೋರಿಸುತ್ತಾ ಬಂದಿರುವ ಒಂದು ಚಿತ್ರ ಇದೆ. ಸಹಜ ನೆಲದಲ್ಲಿ ಬಿದ್ದ ಮಳೆಯಲ್ಲಿ ಸುಮಾರು ಶೇ. 10 ಮಾತ್ರ ಮೇಲ್ಮೈಯಲ್ಲಿ ಹರಿಯುತ್ತೆ, ಅರ್ಧದಷ್ಟು ಇಂಗುತ್ತೆ, ಉಳಿದದ್ದು ಗಿಡಮರಗಳಿಂದ, ಮಣ್ಣಿನಿಂದ ಆವಿಯಾಗುತ್ತೆ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಾಂಕ್ರೀಟು, ಡಾಂಬರು ಆದ ನಗರದಲ್ಲಿ ಹರಿಯುವುದು ಶೇ. 55ರಷ್ಟು, ಇಂಗುವುದು ಶೇ. 15 ಮಾತ್ರ. ಮಳೆ ಅಷ್ಟೇ, ಮೋಡ ಅದೇ. ಕೆಳಗಿನ ನೆಲ ಬದಲಾಯಿತು, ಹರಿಯುವ ನೀರು ಐದು ಪಟ್ಟಿಗೂ ಹೆಚ್ಚಾಯಿತು.

ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಇಲ್ಲಿ ಒಂದು ಸೂತ್ರ ನೆನಪಾಗಿರಬೇಕು. ಅದಕ್ಕೆ ‘ರ‍್ಯಾಷನಲ್ ಫಾರ್ಮುಲಾ’ ಅಂತಾರೆ. ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವಾನಿ 19ನೇ ಶತಮಾನದ ನಡುವಿನಲ್ಲಿ ಅದರ ತಿರುಳನ್ನು ಬರೆದ, 1889ರಲ್ಲಿ ಎಮಿಲ್ ಕೈಕ್ಲಿಂಗ್ ಅಮೆರಿಕದ ರಾಚೆಸ್ಟರ್‌ನ ಚರಂಡಿಗಳ ಕೆಲಸದಿಂದ ಅದನ್ನು ಆ ದೇಶದಲ್ಲಿ ಬಳಕೆಗೆ ತಂದ. ಸೂತ್ರ ತೀರಾ ಸರಳ: ಗರಿಷ್ಠ ಹರಿವು ಅಂದರೆ ಮಳೆಯ ತೀವ್ರತೆ, ಜಾಗದ ವಿಸ್ತೀರ್ಣ, ಮತ್ತೊಂದು ಗುಣಾಂಕ, ಈ ಮೂರರ ಗುಣಲಬ್ಧ. ಗುಣಾಂಕ ಅಂದ್ರೆ ಬಿದ್ದ ನೀರಿನಲ್ಲಿ ಎಷ್ಟು ಪಾಲು ಹರಿದು ಬರುತ್ತೆ ಅನ್ನೋ ಸಂಖ್ಯೆ. ಮರಳು ಮಣ್ಣಿನ ಹುಲ್ಲುಹಾಸಿಗೆ 0.1ರ ಆಸುಪಾಸು, ಡಾಂಬರಿಗೆ 0.9ರ ಆಸುಪಾಸು.

ಈಗ ಆ ಮೂರನ್ನು ಬಿಲ್ಲಿನ ಕಣ್ಣಿನಿಂದ ನೋಡಿ. ಮಳೆಯ ತೀವ್ರತೆ ಯಾರ ಕೈಯಲ್ಲೂ ಇಲ್ಲ. ವಿಸ್ತೀರ್ಣ ಮತ್ತು ಗುಣಾಂಕ ಎರಡೂ ಜಾಗದ ಮಾಲೀಕರ ಕೈಯಲ್ಲಿವೆ. ಮಳೆನೀರಿನ ಶುಲ್ಕ ಅಂದರೆ ಈ ಎರಡಕ್ಕೆ ಬೆಲೆ ಕಟ್ಟುವ ಪ್ರಯತ್ನ. ಮಳೆಗೆ ಮೀಟರ್ ಹಾಕಿಲ್ಲ, ನೆಲಕ್ಕೆ ಹಾಕಿದ್ದಾರೆ ಅನ್ನಬಹುದು.

ಆದರೆ ಯಾವಾಗಲೂ ಹೀಗಿರಲಿಲ್ಲ. ಚರಂಡಿ, ಮೋರಿ, ತೊರೆಯ ದಂಡೆ, ನೀರು ತಡೆದು ನಿಲ್ಲಿಸುವ ಹೊಂಡ, ಇವಕ್ಕೆಲ್ಲ ದುಡ್ಡು ಹಿಂದೆ ಬರುತ್ತಿದ್ದದ್ದು ಎರಡು ದಾರಿಯಲ್ಲಿ: ಆಸ್ತಿ ತೆರಿಗೆಯಿಂದ, ಇಲ್ಲವೇ ಕುಡಿಯುವ ನೀರಿನ ಬಿಲ್ಲಿನಿಂದ. ಎಷ್ಟೋ ನಗರಗಳಲ್ಲಿ ಈಗಲೂ ಹಾಗೇ ಇದೆ. ಎರಡರಲ್ಲೂ ಒಂದು ಓರೆ ಇದೆ. ಆಸ್ತಿ ತೆರಿಗೆ ನಿಂತಿರೋದು ಬೆಲೆಯ ಮೇಲೆ. ಮೂವತ್ತು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟಡದ ಬೆಲೆ ಆಕಾಶಕ್ಕೆ, ಛಾವಣಿ ಮಾತ್ರ ಅಂಗೈಯಗಲ. ವಿಮಾನ ನಿಲ್ದಾಣದ ಹತ್ತಿರ ಇರುವ ಒಂದೇ ಮಹಡಿಯ ಗೋದಾಮಿನ ಬೆಲೆ ಅದರ ಮುಂದೆ ಕಮ್ಮಿ, ಛಾವಣಿ ಎಕರೆಗಟ್ಟಲೆ. ಚರಂಡಿಗೆ ಹೊರೆ ಯಾರದು, ದುಡ್ಡು ಯಾರದು? ಕುಡಿಯುವ ನೀರಿನ ಬಿಲ್ಲಿಗೆ ಸೇರಿಸಿದರೆ ಇನ್ನೂ ವಿಚಿತ್ರ. ಐದು ಮಕ್ಕಳ ಸಂಸಾರ ಸ್ನಾನಕ್ಕೆ, ಬಟ್ಟೆಗೆ ನೀರು ಹೆಚ್ಚು ಬಳಸುತ್ತೆ, ಅವರೇ ಮಳೆ ಚರಂಡಿಗೂ ಹೆಚ್ಚು ಕೊಡಬೇಕು. ಸ್ನಾನ ಮಾಡದ ಪಾರ್ಕಿಂಗ್ ಲಾಟ್ ಏನೂ ಕೊಡಬೇಕಿಲ್ಲ.

ಪಾರ್ಕಿಂಗ್ ಲಾಟ್ ತಮಾಷೆಗೆ ಹೇಳಿದ್ದಲ್ಲ. ಫಿಲಡೆಲ್ಫಿಯಾದಲ್ಲಿ ನಡೆದದ್ದು ಅದೇ. ಅಲ್ಲಿ 2010ರ ತನಕ ಮಳೆನೀರಿನ ಶುಲ್ಕವನ್ನು ನೀರಿನ ಮೀಟರಿನ ಗಾತ್ರ ನೋಡಿ ಹಾಕುತ್ತಿದ್ದರು. ದಪ್ಪ ಪೈಪು, ದೊಡ್ಡ ಮೀಟರು, ದೊಡ್ಡ ಶುಲ್ಕ. ಪೂರ್ತಿ ಡಾಂಬರು ಹಾಕಿದ ಪಾರ್ಕಿಂಗ್ ಜಾಗಕ್ಕೆ ನೀರಿನ ಸಂಪರ್ಕವೇ ಇಲ್ಲ, ಹಾಗಾಗಿ ಮೀಟರೂ ಇಲ್ಲ, ಶುಲ್ಕವೂ ಇಲ್ಲ. ಒಂದು ಹನಿಯೂ ಇಂಗದ ನೆಲ, ಒಂದು ಕಾಸೂ ಕೊಡದ ಮಾಲೀಕ. ಇನ್ನೊಂದು ಕಡೆ ಹೆಚ್ಚು ನೀರು ಬಳಸುವ ಎತ್ತರದ ಕಟ್ಟಡಗಳು ಚರಂಡಿಗೆ ಅಷ್ಟೇನೂ ನೀರು ಬಿಡದೆ ದಂಡಿಯಾಗಿ ದುಡ್ಡು ಕೊಡುತ್ತಿದ್ದವು.

2010ರ ಜುಲೈಯಿಂದ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಫಿಲಡೆಲ್ಫಿಯಾ ವಾಣಿಜ್ಯ ಆಸ್ತಿಗಳ ಲೆಕ್ಕವನ್ನು ನೆಲದ ಮೇಲಕ್ಕೆ ಬದಲಾಯಿಸಿತು. ಒಟ್ಟು ಖರ್ಚಿನಲ್ಲಿ ಶೇ. 80 ಪಾಲನ್ನು ಗಟ್ಟಿ ನೆಲದ ಪ್ರಕಾರ, ಶೇ. 20 ಪಾಲನ್ನು ನಿವೇಶನದ ಪೂರ್ತಿ ವಿಸ್ತೀರ್ಣದ ಪ್ರಕಾರ ಹಂಚಿದರು. ಆ 20 ಯಾಕೆ ಅಂದರೆ, ಹುಲ್ಲು ನೆಲದಿಂದಲೂ ಸ್ವಲ್ಪ ನೀರು ಹರಿದೇ ಹರಿಯುತ್ತೆ, ಗುಣಾಂಕ ಸೊನ್ನೆ ಏನಲ್ಲ. ನೋಡಿ, ಅದೇ ಹಳೆ ಸೂತ್ರ ಬಿಲ್ಲಿನೊಳಗೆ ಬಂದು ಕೂತಿದೆ. ನೀರಿನ ಸಂಪರ್ಕವೇ ಇಲ್ಲದ ಜಾಗಗಳಿಗೂ ಆಗ ಮೊದಲ ಸಲ ಬಿಲ್ ಹೋಯಿತು. ಇದ್ದಕ್ಕಿದ್ದ ಹಾಗೆ ಶುಲ್ಕ ಹಲವು ಪಟ್ಟು ಏರಿದ ವ್ಯಾಪಾರಿಗಳು ಸಿಟ್ಟಾದರು, ಇಳಿದವರು ಸುಮ್ಮನಿದ್ದರು. ಲೋಕದ ರೂಢಿಯೇ ಹಾಗಲ್ಲವೇ!

ಮನೆಗಳ ವಿಷಯದಲ್ಲಿ ಮಾತ್ರ ಫಿಲಡೆಲ್ಫಿಯಾ ಅಳೆಯುವ ಗೋಜಿಗೆ ಹೋಗಲಿಲ್ಲ. ಸರಾಸರಿ ಮನೆಗೆ 2,110 ಚದರ ಅಡಿ ಜಾಗ, ಅದರಲ್ಲಿ 1,050 ಚದರ ಅಡಿ ಗಟ್ಟಿ ನೆಲ ಅಂತ ತೆಗೆದುಕೊಂಡು ಎಲ್ಲರಿಗೂ ಒಂದೇ ಶುಲ್ಕ ಹಾಕಿದರು. 1,050 ಚದರ ಅಡಿ ಅಂದರೆ ನಮ್ಮ ಥರ್ಟಿ-ಫಾರ್ಟಿ ಸೈಟಿಗಿಂತಲೂ ಚಿಕ್ಕದು. ಅದು ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಸಾಲುಮನೆಗಳ ಊರು. ಮೀಟರಿನಲ್ಲಿ ಹೇಳಿದರೆ ಸುಮಾರು 98 ಚದರ ಮೀಟರ್. ಮಿಸಿಸಾಗಾದ 267ರ ಪಕ್ಕದಲ್ಲಿ ಇಟ್ಟು ನೋಡಿ. ಎರಡು ಕಾರಿನ ಗ್ಯಾರೇಜು, ಅದರ ಮುಂದೆ ಮತ್ತೆರಡು ಕಾರು ನಿಲ್ಲುವ ಡ್ರೈವ್‌ವೇ ಇರುವ ಉಪನಗರದ ಮನೆ ಎಷ್ಟು ನೆಲ ಮುಚ್ಚುತ್ತೆ ಅನ್ನೋದು ಆ ಎರಡು ಸಂಖ್ಯೆಗಳಲ್ಲೇ ಕಾಣುತ್ತೆ.

ಇನ್ನು ನಮ್ಮ ಕೇಳುಗರ ಊರಿಗೆ ಬರೋಣ. ಮಿಸಿಸಾಗಾದ ಕುಕ್ಸ್‌ವಿಲ್ ಕ್ರೀಕ್ ಎನ್ನುವ ತೊರೆ 2009ರ ಆಗಸ್ಟ್‌ನಲ್ಲಿ ಉಕ್ಕಿ ಸುತ್ತಲಿನ ಮನೆಗಳಿಗೆ ನುಗ್ಗಿತು. 2013ರ ಜುಲೈ 8ರಂದು ಮತ್ತೆ. ಆ ದಿನ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ದಾಖಲಾದದ್ದು 126 ಮಿಲಿಮೀಟರ್, ಅದರಲ್ಲಿ ಬಹುಪಾಲು ಒಂದೆರಡು ಗಂಟೆಗಳಲ್ಲಿ. ಪಕ್ಕದ ಟೊರಾಂಟೋದಲ್ಲಿ ರೈಲೊಂದು ನೀರಿನಲ್ಲಿ ನಿಂತು, ಪ್ರಯಾಣಿಕರನ್ನು ದೋಣಿಯಲ್ಲಿ ಇಳಿಸಿದ ದೃಶ್ಯ ಆಗ ಎಲ್ಲರ ಫೋನಿಗೂ ಬಂದಿತ್ತು. ನಮ್ಮ 267 ಚದರ ಮೀಟರಿಗೆ ಆ ಮಳೆಯನ್ನು ಗುಣಿಸಿ: ಮನೆಯೊಂದಕ್ಕೆ 33 ಸಾವಿರ ಲೀಟರಿಗೂ ಮೀರಿ, ಐದೂವರೆ ಟ್ಯಾಂಕರ್.

ಚರಂಡಿಗಳು ಹಳೆಯವು, ಮಳೆ ಹೊಸ ಥರದ್ದು, ಆಸ್ತಿ ತೆರಿಗೆಯಲ್ಲಿ ರಸ್ತೆ, ಅಗ್ನಿಶಾಮಕ, ಗ್ರಂಥಾಲಯದ ಜೊತೆ ಪೈಪೋಟಿ. ಕೊನೆಗೆ 2016ರ ಜನವರಿಯಿಂದ ಮಿಸಿಸಾಗಾ ಮಳೆನೀರಿಗೆ ಅಂತಲೇ ಪ್ರತ್ಯೇಕ ಶುಲ್ಕ ತಂದಿತು. ಆ ದುಡ್ಡನ್ನು ಮಳೆನೀರಿನ ಕೆಲಸಕ್ಕೆ ಬಿಟ್ಟು ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ. 267 ಚದರ ಮೀಟರಿಗೆ ಒಂದು ಬಿಲ್ಲಿಂಗ್ ಯೂನಿಟ್. ಶುರುವಿನ ದರ ಯೂನಿಟ್ಟಿಗೆ ವರ್ಷಕ್ಕೆ 100 ಡಾಲರ್. ಆಮೇಲೆ ಏರಿದೆ, ಆದರೆ ಲೆಕ್ಕಕ್ಕೆ ನೂರು ಸಲೀಸು, ಅದನ್ನೇ ಇಟ್ಟುಕೊಳ್ಳೋಣ.

ಗೋದಾಮು, ಮಾಲ್, ಅಪಾರ್ಟ್‌ಮೆಂಟ್ ಇವುಗಳ ಗಟ್ಟಿ ನೆಲವನ್ನು ಒಂದೊಂದಾಗಿ ಅಳೆದು 267ರಿಂದ ಭಾಗಿಸುತ್ತಾರೆ. ಮನೆಗಳಿಗೆ ಒಂದು ಜಾಣ ಅಡ್ಡದಾರಿ ಹಿಡಿದರು. ಲಕ್ಷಕ್ಕೂ ಹೆಚ್ಚು ಮನೆಗಳ ಡ್ರೈವ್‌ವೇ, ಹಿತ್ತಲ ಕಲ್ಲುಹಾಸು ಎಲ್ಲ ಅಳೆಯೋದು ದುಬಾರಿ, ಜಗಳವೂ ಜಾಸ್ತಿ. ಬದಲಿಗೆ ವಿಮಾನದಿಂದ ತೆಗೆದ ಚಿತ್ರದಲ್ಲಿ ಛಾವಣಿಯನ್ನು ಮಾತ್ರ ಅಳೆದರು. ಛಾವಣಿ ದೊಡ್ಡದಿದ್ದರೆ ಡ್ರೈವ್‌ವೇ ಕೂಡ ಸಾಮಾನ್ಯವಾಗಿ ದೊಡ್ಡದು ಅನ್ನುವ ನಂಬಿಕೆ. ಆಮೇಲೆ ಐದು ಗುಂಪು ಮಾಡಿದರು. 26.7ರಿಂದ 99 ಚದರ ಮೀಟರ್ ಛಾವಣಿಗೆ ಅರ್ಧ ಯೂನಿಟ್, 50 ಡಾಲರ್. 151ರ ತನಕ 0.7 ಯೂನಿಟ್, 70 ಡಾಲರ್. 194ರ ತನಕ ಪೂರ್ತಿ ಒಂದು ಯೂನಿಟ್. 242ರ ತನಕ 1.2. ಅದರಾಚೆಗೆ ಎಲ್ಲರಿಗೂ 1.7, ಅಂದರೆ 170 ಡಾಲರ್. ಇಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಅಳೆಯೋದು ಛಾವಣಿಯನ್ನು, ಒಳಗಿನ ಕೋಣೆಗಳನ್ನಲ್ಲ. ಅದೇ 200 ಚದರ ಮೀಟರಿನ ಮನೆಯನ್ನು ಒಂದೇ ಅಂತಸ್ತಿನಲ್ಲಿ ಹರಡಿ ಕಟ್ಟಿದರೆ ಹೆಚ್ಚು ಶುಲ್ಕ, ಎರಡು ಅಂತಸ್ತಿನಲ್ಲಿ ಮೇಲೆತ್ತಿದರೆ ಕಮ್ಮಿ. ಮಳೆಯ ದೃಷ್ಟಿಯಿಂದ ಅದು ಸರಿಯೇ. ಮಳೆಗೆ ನೀವು ಮಹಡಿ ಹತ್ತಿದ್ದು ಗೊತ್ತಾಗೋದಿಲ್ಲ.

ಆದರೆ ಈ ಐದು ಮೆಟ್ಟಿಲ ಪದ್ಧತಿಯಲ್ಲಿ ನಮಗೆ ಮೂರು ಕಡೆ ಕಾಲು ಎಡವಿತು. ಒಂದು, ಮೆಟ್ಟಿಲಿನ ಅಂಚು. 151 ಚದರ ಮೀಟರಿನ ಛಾವಣಿಗೆ 70 ಡಾಲರ್, 151.1ಕ್ಕೆ 100. ಒಂದು ಊಟದ ತಟ್ಟೆಯಷ್ಟು ಜಾಗಕ್ಕೆ 30 ಡಾಲರ್ ವ್ಯತ್ಯಾಸ! ಎರಡು, ಮೇಲ್ಮಿತಿ. 250 ಚದರ ಮೀಟರ್ ಛಾವಣಿಯವರೂ 500 ಚದರ ಮೀಟರ್ ಬಂಗಲೆಯವರೂ ಕೊಡೋದು ಅದೇ 170. ಮೂರನೆಯದು ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು: ಡ್ರೈವ್‌ವೇ ಲೆಕ್ಕದಲ್ಲೇ ಇಲ್ಲ. ನೀವು ಮುಂದಿನ ಹುಲ್ಲನ್ನೆಲ್ಲ ಕಿತ್ತು ಮೂರನೇ ಕಾರಿಗೆ ಅಂತ ಕಾಂಕ್ರೀಟು ಹಾಕಿಸಿದರೂ ಬಿಲ್ ಏರೋದಿಲ್ಲ. ಪಕ್ಕದವರು ಇದ್ದ ಕಾಂಕ್ರೀಟನ್ನು ಒಡೆಸಿ ಹೂವಿನ ಗಿಡ ಹಾಕಿದರೂ ಇಳಿಯೋದಿಲ್ಲ. ನೆಲಕ್ಕೆ ಬೆಲೆ ಕಟ್ಟುವ ಶುಲ್ಕ, ಮನೆಯವರ ಮಟ್ಟಿಗೆ ನೆಲದ ಬಗ್ಗೆ ಏನೂ ಹೇಳದೆ ಸುಮ್ಮನಾಗಿಬಿಡುತ್ತೆ. ನಗರ ಇದನ್ನು ಅರಿಯದೆ ಮಾಡಿದ್ದಲ್ಲ. ನಿಖರತೆಗೂ ಅಳತೆಯ ಖರ್ಚಿಗೂ ನಡುವೆ ಒಂದು ಕಡೆ ಗೆರೆ ಎಳೆಯಲೇಬೇಕು, ಅಲ್ಲಿ ಎಳೆದರು.

ಈಗ ದರದ ಪ್ರಶ್ನೆ. ನೂರು ಡಾಲರ್ ಅನ್ನೋ ಸಂಖ್ಯೆ ಎಲ್ಲಿಂದ ಬರುತ್ತೆ? ಕಾಗದದ ಮೇಲೆ ನಮ್ಮದೇ ಒಂದು ಊರು ಕಟ್ಟೋಣ. ಆ ಊರಿಗೆ ಚರಂಡಿ, ಹೊಂಡ, ರಿಪೇರಿ, ಸಿಬ್ಬಂದಿ, ಸಾಲದ ಕಂತು ಎಲ್ಲ ಸೇರಿ ವರ್ಷಕ್ಕೆ 2 ಕೋಟಿ ಡಾಲರ್ ಬೇಕು. ಊರಿನ ಗಟ್ಟಿ ನೆಲವನ್ನೆಲ್ಲ ಅಳೆದು ಯೂನಿಟ್ ಮಾಡಿದರೆ 2 ಲಕ್ಷ ಯೂನಿಟ್ ಆಯಿತು ಅನ್ನಿ. ಭಾಗಿಸಿದರೆ ಯೂನಿಟ್ಟಿಗೆ 100 ಡಾಲರ್. ಶಾಲೆಯ ಭಿನ್ನರಾಶಿ. ಮೇಲೆ ಖರ್ಚು, ಕೆಳಗೆ ನೆಲ. ಸಭೆಗಳಲ್ಲಿ ಜಗಳ ಬಹುಪಾಲು ಮೇಲಿನ ಸಂಖ್ಯೆಯ ಬಗ್ಗೆಯೇ ನಡೆಯುತ್ತೆ: ಇಷ್ಟೊಂದು ಖರ್ಚು ಯಾಕೆ ಅಂತ. ಆದರೆ ನಾವು ಈ ವಿಷಯ ಓದುತ್ತಾ ಹೋದಂತೆ ನಿಜವಾದ ಆಟ ಇರೋದು ಕೆಳಗಿನ ಸಂಖ್ಯೆಯಲ್ಲಿ, ಛೇದದಲ್ಲಿ ಅನ್ನಿಸಿತು. ಯಾರ ನೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ, ಯಾರದನ್ನು ಬಿಡುತ್ತೀರಿ?

ಊರಿನಲ್ಲಿ ಶಾಲೆಗಳಿವೆ, ಆಸ್ಪತ್ರೆಗಳಿವೆ, ಚರ್ಚು, ಮಸೀದಿ, ಗುರುದ್ವಾರ, ನಮ್ಮ ದೇವಸ್ಥಾನ ಇವೆ, ಸರ್ಕಾರದ ಕಚೇರಿಗಳಿವೆ. ಇವರಿಗೆಲ್ಲ ವಿನಾಯಿತಿ ಕೊಟ್ಟರೆ 2 ಲಕ್ಷದಲ್ಲಿ ಶೇ. 10, ಅಂದರೆ 20 ಸಾವಿರ ಯೂನಿಟ್ ಹೊರಗೆ ಹೋಯಿತು ಅಂದುಕೊಳ್ಳಿ. ಖರ್ಚು ಮಾತ್ರ ಅಷ್ಟೇ, ಯಾಕಂದ್ರೆ ಅವರ ಛಾವಣಿಯ ನೀರೂ ಅದೇ ಚರಂಡಿಗೆ ಬರುತ್ತೆ. 2 ಕೋಟಿಯನ್ನು 1 ಲಕ್ಷ 80 ಸಾವಿರದಿಂದ ಭಾಗಿಸಿ: 111 ಡಾಲರ್. ಹನ್ನೊಂದು ಡಾಲರ್ ಮಿಕ್ಕವರ ಬಿಲ್ಲಿಗೆ ಹೋಯಿತು. ಬಿಲ್ಲಿನಲ್ಲಿ ಎಲ್ಲೂ ‘ದೇವಸ್ಥಾನದ ಪಾಲು’ ಅಂತ ಬರೆದಿರೋದಿಲ್ಲ.

ಇಲ್ಲಿ ನಮ್ಮ ಸಮುದಾಯದವರಿಗೂ ಕೊಂಚ ಇರಿಸುಮುರಿಸಿನ ಪ್ರಶ್ನೆ ಇದೆ. ಉಪನಗರದ ದೇವಸ್ಥಾನ ಅಂದರೆ ಚಿಕ್ಕ ಗರ್ಭಗುಡಿ, ದೊಡ್ಡ ಸಭಾಂಗಣ, ಅದಕ್ಕಿಂತ ದೊಡ್ಡ ಪಾರ್ಕಿಂಗ್. ಯುಗಾದಿ, ಗಣೇಶ ಹಬ್ಬ, ಶಿವರಾತ್ರಿ, ರಾಜ್ಯೋತ್ಸವಕ್ಕೆ ತುಂಬುವ, ಉಳಿದ ದಿನ ಖಾಲಿ ಬಿದ್ದಿರುವ ಡಾಂಬರು. ಟ್ರಸ್ಟಿಗಳಿಗೆ ಈ ಶುಲ್ಕ ಭಾರವೇ, ಸುಳ್ಳಲ್ಲ; ಹುಂಡಿಯ ದುಡ್ಡು ನಿತ್ಯದ ಖರ್ಚಿಗೇ ಸಾಕಾಗೋದಿಲ್ಲ. ಡೆಟ್ರಾಯಿಟ್ ನಗರ 2016ರಿಂದ ಗಟ್ಟಿ ನೆಲದ ಎಕರೆ ಲೆಕ್ಕದಲ್ಲಿ ಒಳಚರಂಡಿ ಶುಲ್ಕ ಹಾಕಲು ಶುರು ಮಾಡಿದಾಗ ಅಲ್ಲಿನ ಚರ್ಚುಗಳು ಬೀದಿಗಿಳಿದದ್ದು ಇದೇ ಕಾರಣಕ್ಕೆ. ಜನ ಬಿಟ್ಟುಹೋಗಿ ಬಡವಾದ ನಗರ ಅದು. ಪೈಪುಗಳು ಮೊದಲಿನಷ್ಟೇ, ಬಿಲ್ ಕಟ್ಟುವವರು ಕಮ್ಮಿ. ಚರ್ಚಿಗೆ ಬಿಟ್ಟುಕೊಟ್ಟರೆ ಆ ಪಾಲು ಹೋಗೋದು ಅದೇ ಚರ್ಚಿಗೆ ಬರುವ ಬಡ ಮನೆಗಳ ಬಿಲ್ಲಿಗೆ.

ಎಲ್ಲಕ್ಕಿಂತ ದೊಡ್ಡ ವಿನಾಯಿತಿ ಕೇಳಿದವರು ಯಾರು ಗೊತ್ತೇ? ಅಮೆರಿಕದ ಕೇಂದ್ರ ಸರ್ಕಾರ. ಅಲ್ಲಿನ ಸಂವಿಧಾನದ ಪ್ರಕಾರ ಕೇಂದ್ರದ ಆಸ್ತಿಗೆ ಸ್ಥಳೀಯ ಸಂಸ್ಥೆಗಳು ತೆರಿಗೆ ಹಾಕುವಂತಿಲ್ಲ. ಇದು ತೆರಿಗೆಯೇ, ನಾವು ಕೊಡೋದಿಲ್ಲ ಅಂತ ಹಲವು ಕೇಂದ್ರ ಕಚೇರಿಗಳು ಬಿಲ್ ವಾಪಸು ಮಾಡಿದವು. 2011ರ ಜನವರಿಯಲ್ಲಿ ಶುದ್ಧ ಜಲ ಕಾಯ್ದೆಗೆ ತಿದ್ದುಪಡಿ ತಂದು, ಕೇಂದ್ರವೂ ಮಳೆನೀರಿನ ನ್ಯಾಯವಾದ ಶುಲ್ಕ ಕಟ್ಟಲೇಬೇಕು ಅಂತ ಮಾಡಬೇಕಾಯಿತು. ಛೇದಕ್ಕೆ ಒಂದಷ್ಟು ದೊಡ್ಡ ಡಾಂಬರು ವಾಪಸು ಬಂತು.

ತೆರಿಗೆಯೋ ಶುಲ್ಕವೋ ಅನ್ನೋದು ಬರೀ ಪದಗಳ ಜಗಳ ಅಂತ ನಾವೂ ಮೊದಲು ಅಂದುಕೊಂಡಿದ್ವಿ. ಅದರ ಮೇಲೆ ಇಡೀ ಪದ್ಧತಿ ನಿಂತಿದೆ ಅಂತ ಗೊತ್ತಾಗಿದ್ದು ಮಿಶಿಗನ್ ರಾಜ್ಯದ ಲ್ಯಾನ್ಸಿಂಗ್ ನಗರದ ಕಥೆ ಓದಿದಾಗ. ಅಲ್ಲಿಯ ಶುಲ್ಕವನ್ನು ಒಬ್ಬ ನಾಗರಿಕ ಪ್ರಶ್ನಿಸಿದ, 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇದು ಶುಲ್ಕವಲ್ಲ, ಮತದಾರರ ಒಪ್ಪಿಗೆಯಿಲ್ಲದೆ ಹಾಕಿದ ತೆರಿಗೆ ಅಂತ ಹೇಳಿ ತಳ್ಳಿಹಾಕಿತು. ಕೋರ್ಟು ಮೂರು ಪ್ರಶ್ನೆ ಕೇಳಿತು. ಉದ್ದೇಶ ದುಡ್ಡೆತ್ತೋದೋ, ನಿಯಂತ್ರಣವೋ? ಕಟ್ಟುವ ದುಡ್ಡು ಆ ವ್ಯಕ್ತಿಯಿಂದಾಗುವ ಖರ್ಚಿಗೆ ತಕ್ಕ ಪ್ರಮಾಣದಲ್ಲಿದೆಯೋ? ಬೇಡ ಅನ್ನುವವನಿಗೆ ತಪ್ಪಿಸಿಕೊಳ್ಳುವ ದಾರಿ ಇದೆಯೋ? ಎರಡನೆಯ ಪ್ರಶ್ನೆಗೆ ಉತ್ತರ ಅಳತೆಯಲ್ಲಿದೆ. ಮೂರನೆಯದಕ್ಕೆ ಉತ್ತರ ರಿಯಾಯಿತಿಯಲ್ಲಿ: ನೀರನ್ನು ನಿಮ್ಮ ಜಾಗದಲ್ಲೇ ಹಿಡಿದಿಟ್ಟರೆ ಶುಲ್ಕ ಇಳಿಸುತ್ತೇವೆ ಅಂತ ನಗರ ಹೇಳಿದರೆ, ಆಗ ಅದಕ್ಕೆ ಶುಲ್ಕದ ಲಕ್ಷಣ ಬರುತ್ತೆ. ಹಾಗಾಗಿ ರಿಯಾಯಿತಿ ಅನ್ನೋದು ನಗರದವರ ಔದಾರ್ಯ ಮಾತ್ರ ಅಲ್ಲ, ವಕೀಲರ ಸಲಹೆಯೂ ಹೌದು.

ಮಿಸಿಸಾಗಾದಲ್ಲಿ ದೊಡ್ಡ ಆಸ್ತಿಗಳಿಗೆ ಹೆಚ್ಚೆಂದರೆ ಶೇ. 50 ರಿಯಾಯಿತಿ. ಅದರ ಒಳಹಂಚಿಕೆ ನೋಡಿದರೆ ಎಂಜಿನಿಯರುಗಳ ತಲೆ ಹೇಗೆ ಓಡುತ್ತೆ ಅಂತ ತಿಳಿಯುತ್ತೆ. ನೀರಿನ ಗುಣಮಟ್ಟ ಸುಧಾರಿಸಿದರೆ 10ರ ತನಕ, ಒಟ್ಟು ಹರಿವು ಕಮ್ಮಿ ಮಾಡಿದರೆ 15ರ ತನಕ, ಮಾಲಿನ್ಯ ತಡೆಗೆ 5. ಆದರೆ ಹರಿವಿನ ಗರಿಷ್ಠ ವೇಗವನ್ನು ತಗ್ಗಿಸಿದರೆ ಒಂದಕ್ಕೇ 40ರ ತನಕ. ಯಾಕೆ? ಪೈಪಿನ ಗಾತ್ರವನ್ನು ನಿರ್ಧರಿಸೋದು ಇಡೀ ದಿನದ ನೀರಲ್ಲ, ಅತಿ ಜೋರಾದ ಹತ್ತಿಪ್ಪತ್ತು ನಿಮಿಷದ ನೀರು. ಗೋದಾಮಿನವರು ಒಂದು ಹೊಂಡ ತೋಡಿ ಆ ನೀರನ್ನು ತಡೆದು, ರಾತ್ರಿಯೆಲ್ಲ ನಿಧಾನಕ್ಕೆ ಬಿಟ್ಟರೆ, ನೀರು ಅಷ್ಟೇ ಬಂದರೂ ಕೆಳಗಿನವರ ನೆಲಮಾಳಿಗೆ ಒಣಗಿರುತ್ತೆ. ಮದುವೆ ಮನೆಯಲ್ಲಿ ಐನೂರು ಜನ ಒಂದೇ ಪಂಕ್ತಿಗೆ ನುಗ್ಗೋದಕ್ಕೂ ನಾಲ್ಕು ಪಂಕ್ತಿಯಲ್ಲಿ ಕೂರೋದಕ್ಕೂ ಇರುವ ವ್ಯತ್ಯಾಸ ಇದು. ಅಡುಗೆ ಅಷ್ಟೇ, ನೂಕುನುಗ್ಗಲು ಇಲ್ಲ.

ಫಿಲಡೆಲ್ಫಿಯಾ ಇದನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಆ ಊರಿನ ಸುಮಾರು ಶೇ. 60 ಭಾಗದಲ್ಲಿ ಮಳೆನೀರಿಗೂ ಶೌಚದ ನೀರಿಗೂ ಒಂದೇ ಪೈಪು. ಜೋರು ಮಳೆ ಬಂದರೆ ಎರಡೂ ಸೇರಿ ನದಿಗೆ. 2011ರಲ್ಲಿ ಶುರುವಾದ 25 ವರ್ಷದ ಯೋಜನೆಯಲ್ಲಿ ದೊಡ್ಡ ಸುರಂಗ ಕೊರೆಯುವುದಕ್ಕಿಂತ ಹೆಚ್ಚಾಗಿ ಮೇಲಿನ ನೆಲವನ್ನೇ ಮೆತ್ತಗೆ ಮಾಡುವ ದಾರಿ ಹಿಡಿದರು. ಅವರ ಅಳತೆಗೋಲು ‘ಹಸಿರು ಎಕರೆ’: ಒಂದು ಎಕರೆ ಗಟ್ಟಿ ನೆಲದ ಮೇಲೆ ಬೀಳುವ ಮೊದಲ ಒಂದು ಇಂಚು ಮಳೆಯನ್ನು, ಅಂದರೆ ಸುಮಾರು 1 ಲಕ್ಷ ಲೀಟರನ್ನು, ಅಲ್ಲಲ್ಲೇ ನಿಭಾಯಿಸಬೇಕು. ಇಂಥ 9,500ಕ್ಕೂ ಹೆಚ್ಚು ಎಕರೆ ಗುರಿ. ಅದರಲ್ಲಿ ಒಂದಷ್ಟನ್ನು ಶುಲ್ಕದ ಬಿಸಿ ತಟ್ಟಿದ ಖಾಸಗಿ ಮಾಲೀಕರೇ ರಿಯಾಯಿತಿ, ಅನುದಾನ ಪಡೆದು ಮಾಡಲಿ ಅನ್ನೋ ಲೆಕ್ಕ.

ಜರ್ಮನಿಯ ಕೇಳುಗರು ಇಷ್ಟು ಹೊತ್ತಿಗೆ ನಗುತ್ತಿರಬಹುದು. ಬರ್ಲಿನ್ನಿನಲ್ಲಿ 2000ದಿಂದಲೇ ಮಳೆನೀರಿಗೆ ಬೇರೆ ಲೆಕ್ಕ, ಮುಚ್ಚಿದ ನೆಲದ ಚದರ ಮೀಟರಿಗೆ ಇಷ್ಟು ಅಂತ. ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ 2010ರ ಮಾರ್ಚಿನಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ, ಕುಡಿಯುವ ನೀರಿನ ಬಳಕೆ ನೋಡಿ ಮಳೆನೀರಿಗೂ ಶುಲ್ಕ ಹಾಕೋದು ಸಮಾನತೆಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಚಿಕ್ಕಪುಟ್ಟ ಹಳ್ಳಿಗಳೂ ಲೆಕ್ಕ ಬದಲಾಯಿಸಬೇಕಾಯಿತು. ಅಲ್ಲಿ ಸಾಮಾನ್ಯವಾಗಿ ಮೇಲಿನಿಂದ ತೆಗೆದ ಚಿತ್ರದ ಆಧಾರದ ನಕ್ಷೆ ಮನೆಗೇ ಬರುತ್ತೆ: ಇಲ್ಲಿ ಛಾವಣಿ, ಇಲ್ಲಿ ಅಂಗಳ, ಸರಿಯಿದೆಯಾ ನೋಡಿ ಅಂತ. ನೀರಿಂಗುವ ಕಲ್ಲುಹಾಸಿಗೆ, ಹಸಿರು ಛಾವಣಿಗೆ ಕಮ್ಮಿ ಲೆಕ್ಕ. ಮನೆಯವರ ಡ್ರೈವ್‌ವೇಗೂ ಬೆಲೆ ಬಂತು. ಅಂಗಳದ ಕಲ್ಲನ್ನು ತೆಗೆಸಬೇಕೋ ಬೇಡವೋ ಅಂತ ಊಟದ ಮೇಜಿನ ಮೇಲೆ ಚರ್ಚೆ ಆಗೋದು ಆಗ.

ಇದರ ಉಲ್ಟಾ ಕಥೆ ಟೊರಾಂಟೋದ್ದು. ಅಲ್ಲಿ ಮಳೆನೀರಿನ ಖರ್ಚು ಈಗಲೂ ಬರೋದು ನೀರು ಬಳಕೆಯ ದರದಿಂದ. 2024ರ ವಸಂತದಲ್ಲಿ ಗಟ್ಟಿ ನೆಲದ ಶುಲ್ಕದ ಬಗ್ಗೆ ಜನಾಭಿಪ್ರಾಯ ಕೇಳಲು ಹೊರಟಾಗ ‘ಮಳೆ ತೆರಿಗೆ’ ಅನ್ನೋ ಹೆಸರು ಅಂಟಿಕೊಂಡು ಗುಲ್ಲೆದ್ದಿತು, ನಗರ ಅದನ್ನು ಅರ್ಧಕ್ಕೇ ನಿಲ್ಲಿಸಿತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲೂ 2012ರ ಕಾನೂನಿಗೆ ಇದೇ ಅಡ್ಡಹೆಸರು ಬಿದ್ದು, 2015ರಲ್ಲಿ ಶುಲ್ಕದ ಕಡ್ಡಾಯವನ್ನು ತೆಗೆದರು. ಟೊರಾಂಟೋದಲ್ಲಿ ಗುಲ್ಲು ಅಡಗಿದ ಕೆಲವೇ ತಿಂಗಳಿಗೆ, ಜುಲೈ 16ರಂದು, ಪಿಯರ್ಸನ್‌ನಲ್ಲಿ 97.8 ಮಿಲಿಮೀಟರ್ ಮಳೆ ಬಿತ್ತು, ಹೆದ್ದಾರಿ ಮುಳುಗಿತು. ಆಗಲೂ ಇನ್ನೂ ನೀರಿನ ಸಂಪರ್ಕವಿಲ್ಲದ ಪಾರ್ಕಿಂಗ್ ಲಾಟು ಚರಂಡಿಗೆ ಕೊಡೋದು ಸೊನ್ನೆ.

ಬೆಂಗಳೂರಿನಲ್ಲಿ ಇಂಥದ್ದು ಏನಾದರೂ ಇದೆಯಾ ಅಂತ ಹಲವರು ಕೇಳುತ್ತಾರೆ, ಅಲ್ಲಿ ಸೈಟು ಮನೆ ಇಟ್ಟುಕೊಂಡವರು ನಮ್ಮಲ್ಲಿ ಕಮ್ಮಿಯೇನಿಲ್ಲ. ಗಟ್ಟಿ ನೆಲ ಅಳೆದು ವರ್ಷವರ್ಷ ಹಾಕುವ ಶುಲ್ಕ ಇಲ್ಲ. ಬೇರೆ ದಾರಿ ಇದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು, 2,400 ಚದರ ಅಡಿ ಮತ್ತು ಅದಕ್ಕೆ ಮೇಲಿನ ನಿವೇಶನದ ಹಳೆ ಕಟ್ಟಡಗಳಿಗೆ, 1,200 ಮತ್ತು ಮೇಲಿನ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಮಾಡದಿದ್ದರೆ ನೀರಿನ ಬಿಲ್ಲಿನ ಮೇಲೆ ದಂಡ. ಅದರ ಮೂಲ ಚಿಂತೆ ಕುಡಿಯುವ ನೀರಿನದು, ರಾಜಕಾಲುವೆಯದ್ದಲ್ಲ. ದಂಡ ಸೇರೋದು ನೀರಿನ ಬಿಲ್ಲಿಗೆ. ಹಾಗಾಗಿ ಜಲಮಂಡಳಿಯ ಸಂಪರ್ಕವೇ ಇಲ್ಲದೆ ಟ್ಯಾಂಕರ್, ಬೋರ್‌ವೆಲ್ ನಂಬಿದ ದೊಡ್ಡ ಕಟ್ಟಡಕ್ಕೆ ಅದು ಎಷ್ಟು ತಟ್ಟೀತು? 2010ಕ್ಕೆ ಮೊದಲಿನ ಫಿಲಡೆಲ್ಫಿಯಾದ ಪಾರ್ಕಿಂಗ್ ಲಾಟಿನ ತೊಂದರೆಯೇ ಇಲ್ಲಿ ಬೇರೆ ವೇಷದಲ್ಲಿದೆ.

ಕೊನೆಗೆ, ಇಮೇಲ್ ಬರೆದ ನಮ್ಮ ಕೇಳುಗರಿಗೆ. ಸರ್, ನಿಮ್ಮ ಬಿಲ್ಲಿನಲ್ಲಿ ನಿಮ್ಮ ಮನೆ ಯಾವ ಗುಂಪಿನಲ್ಲಿದೆ ಅನ್ನೋದನ್ನು ನಗರದ ಜಾಲತಾಣದಲ್ಲಿ ವಿಳಾಸ ಹಾಕಿ ನೋಡಬಹುದು. ಛಾವಣಿಯ ಅಳತೆ ತಪ್ಪಿದೆ ಅನ್ನಿಸಿದರೆ, ಅದರಲ್ಲೂ 99, 151, 194, 242 ಈ ಅಂಚುಗಳ ಹತ್ತಿರ ಇದ್ದರೆ, ಮರುಪರಿಶೀಲನೆ ಕೇಳಿ, ಸಂಕೋಚ ಬೇಡ. ಛಾವಣಿಯ ನೀರಿಳಿಯುವ ಪೈಪನ್ನು ಡ್ರೈವ್‌ವೇ ಕಡೆಯಿಂದ ಹುಲ್ಲಿನ ಕಡೆಗೆ ತಿರುಗಿಸಿದರೆ ಬೀದಿಗೆ ಹೋಗುವ ನೀರು ಕಮ್ಮಿಯಾಗುತ್ತೆ. ಗೋಡೆಯಿಂದ ಒಂದೆರಡು ಮೀಟರ್ ಆಚೆಗೆ ಬಿಡಿ, ಇಲ್ಲದಿದ್ದರೆ ನಿಮ್ಮ ನೆಲಮಾಳಿಗೆಗೇ ಇಳಿದೀತು. ಇದರಿಂದ ನಿಮ್ಮ ಬಿಲ್ ಒಂದು ಡಾಲರೂ ಇಳಿಯೋದಿಲ್ಲ, ಅದು ಮನೆಗಳಿಗೆ ರಿಯಾಯಿತಿಯಿಲ್ಲದ ಪದ್ಧತಿ. ಇಳಿಯೋದು ನಿಮ್ಮ ರಸ್ತೆಯ ತಗ್ಗಿನ ಕೊನೆಯಲ್ಲಿರುವ ಮನೆಯವರ ಅಂಗಳದ ನೀರು.

ನಿಮ್ಮ ನಿಮ್ಮ ಊರಿನ ಬಿಲ್ಲಿನಲ್ಲಿ ಈ ಸಾಲು ಇದೆಯಾ, ಇದ್ದರೆ ಅಳತೆ ಯಾವುದು, ಛಾವಣಿಯೋ ಮೀಟರೋ ಚದರ ಮೀಟರೋ, ನೋಡಿ ಬರೆದು ಕಳಿಸಿ.